ಡೇವೂ ಕಾರು: ಕಂಪನಿ ಹೋಯ್ತು, ಗಾಡಿ ಉಳೀತು – ಸಿಯೆಲೊ, ಮ್ಯಾಟಿಜ್ ಕಥೆ ಮತ್ತು ಹಳೇ ಕಾರು ಕೊಳ್ಳುವವರಿಗೆ ಪಾಠ

ಹಳೇ ಕಾರು ತಗೊಳ್ಳೋಕೆ ಹೋದರೆ ನಮ್ಮ ಕಡೆ ಮೊದಲು ಕೇಳೋದು ಮೈಲೇಜ್ ಎಷ್ಟು ಅಂತ, ಆಮೇಲೆ ಕೊನೇ ರೇಟ್ ಎಷ್ಟು ಅಂತ. "ಇದರ ಸ್ಪೇರ್ ಎಲ್ಲಿ ಸಿಗುತ್ತೆ?" ಅನ್ನೋ ಪ್ರಶ್ನೆ ಬರೋದು ಗಾಡಿ ಮನೆಗೆ ಬಂದು ಆರು ತಿಂಗಳಾದ ಮೇಲೆ. ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು ಅನ್ನೋದಕ್ಕೆ ಕೊರಿಯಾದ ಡೇವೂ ಕಂಪನಿಗಿಂತ ಒಳ್ಳೇ ಉದಾಹರಣೆ ಇಲ್ಲ. ಗಾಡಿ ಕೆಟ್ಟದ್ದಿರಲಿಲ್ಲ. ಆದರೆ ಗಾಡಿ ಮಾಡಿದ ಕಂಪನಿಯೇ ಮುಳುಗಿಹೋಯಿತು. ಲೋನ್ ಮಾಡಿ ಕಾರು ತಗೊಂಡಿದ್ದವರು ಶೋರೂಮ್ ಇಲ್ಲದೆ, ಪಾರ್ಟ್ಸ್ ಇಲ್ಲದೆ ನಿಂತರು.

ಹಾಗಿದ್ದೂ ಮ್ಯಾಟಿಜ್ ಇಟ್ಟುಕೊಂಡ ಹಲವರು ವರ್ಷಗಟ್ಟಲೆ ಅದನ್ನೇ ಓಡಿಸಿದರು. ಹೇಗೆ ಅನ್ನೋದು ಇಲ್ಲಿದೆ.

ಡೇವೂ ಹುಟ್ಟಿದ್ದು ಹೇಗೆ?

ಕಿಮ್ ವೂ-ಚೂಂಗ್ ಎಂಬ ಉದ್ಯಮಿ 1967ರಲ್ಲಿ ದಕ್ಷಿಣ ಕೊರಿಯಾದಲ್ಲಿ ಡೇವೂ ಶುರು ಮಾಡಿದರು. ಮೊದಲು ಕಾರೂ ಇಲ್ಲ, ಟಿವಿಯೂ ಇಲ್ಲ. ಬಟ್ಟೆ ರಫ್ತು ವ್ಯಾಪಾರ. "ಡೇವೂ" ಅಂದ್ರೆ ಕೊರಿಯನ್ ಭಾಷೆಯಲ್ಲಿ "ಮಹಾ ವಿಶ್ವ" ಎಂಬ ಅರ್ಥ. ಹೆಸರಿಗೆ ತಕ್ಕ ಹಾಗೆ ಕಂಪನಿಯೂ ಬೆಳೀತಾ ಹೋಯಿತು. ಹಡಗು, ಎಲೆಕ್ಟ್ರಾನಿಕ್ಸ್, ಕಟ್ಟಡ ನಿರ್ಮಾಣ, ಕಾರು – ಎಲ್ಲದಕ್ಕೂ ಕೈ ಹಾಕಿತು.

ಕಾರು ಕಾರ್ಖಾನೆ ಮಾತ್ರ ಡೇವೂಗಿಂತ ಹಳೆಯದು. ಇಂಚಿಯೋನ್ ನಗರದ ಬುಪ್ಯೊಂಗ್‌ನಲ್ಲಿದ್ದ ಆ ಕಾರ್ಖಾನೆ ಹಲವು ಕೈ ಬದಲಾಗಿ ಬಂತು. 1960ರ ದಶಕದಲ್ಲಿ ಅಲ್ಲಿ ಜಪಾನಿನ ನಿಸ್ಸಾನ್ ಕಾರು ಜೋಡಿಸ್ತಿದ್ದರು, ಆಮೇಲೆ ಟೊಯೊಟಾ ಕಾರು. 1972ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಪಾಲುದಾರನಾಯಿತು. 1978ರಲ್ಲಿ ಡೇವೂ ಒಳಗೆ ಬಂತು, 1983ರಲ್ಲಿ ಕಂಪನಿಗೆ ಡೇವೂ ಮೋಟರ್ ಎಂದು ಹೆಸರಾಯಿತು. 1992ರಲ್ಲಿ ಜನರಲ್ ಮೋಟರ್ಸ್ ತನ್ನ ಪಾಲು ಬಿಟ್ಟು ಹೊರಗೆ ಹೋಯಿತು.

ಪಾಲುದಾರ ಹೋದ ಮೇಲೆ ಡೇವೂ ಸ್ವತಂತ್ರವಾಗಿ ಓಡತೊಡಗಿತು, ಅದೂ ಸಿಕ್ಕಾಪಟ್ಟೆ ವೇಗದಲ್ಲಿ. ರೊಮೇನಿಯಾ, ಪೋಲೆಂಡ್, ಉಜ್ಬೇಕಿಸ್ತಾನ್, ಭಾರತ – ಎಲ್ಲಾ ಕಡೆ ಕಾರ್ಖಾನೆ. ಇದಕ್ಕೆಲ್ಲ ಹಣ ಎಲ್ಲಿಂದ ಬಂತು ಅಂದರೆ, ಬಹುಪಾಲು ಸಾಲದಿಂದ.

ಭಾರತಕ್ಕೆ ಬಂದ ಸಿಯೆಲೊ

ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾ ಬಳಿಯ ಸೂರಜ್‌ಪುರದಲ್ಲಿ ಡಿಸಿಎಂ ಟೊಯೊಟಾ ಎಂಬ ಕಂಪನಿ ಸಣ್ಣ ಲಾರಿ ತಯಾರಿಸ್ತಿತ್ತು. ಅದೇ ಕಾರ್ಖಾನೆಗೆ ಡೇವೂ ಬಂದು, ಡಿಸಿಎಂ ಡೇವೂ ಆಯಿತು. 1995ರಲ್ಲಿ ಸಿಯೆಲೊ ಕಾರು ರಸ್ತೆಗಿಳಿಯಿತು.

ಆಗಿನ ಪರಿಸ್ಥಿತಿ ನೆನಪು ಮಾಡಿಕೊಳ್ಳಿ. ಮಾರುತಿ 800, ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ನೋಡಿ ಬೆಳೆದಿದ್ದ ಜನರ ಮುಂದೆ ಉದ್ದನೆಯ, ನುಣುಪಾದ ವಿದೇಶಿ ಕಾರು ಬಂದು ನಿಂತಿತ್ತು. ಒಂದೂವರೆ ಲೀಟರ್ ಎಂಜಿನ್, ಒಳ್ಳೇ ಏಸಿ, ಹಿಂದೆ ಕಾಲು ಚಾಚುವಷ್ಟು ಜಾಗ. ಡಾಕ್ಟರು, ಕಂಟ್ರಾಕ್ಟರು, ದೊಡ್ಡ ವ್ಯಾಪಾರಸ್ಥರು ಆಸೆಪಟ್ಟ ಗಾಡಿ ಅದು.

ಅಸಲಿಗೆ ಸಿಯೆಲೊ ಹೊಸ ಡಿಸೈನ್ ಆಗಿರಲಿಲ್ಲ. ಜರ್ಮನಿಯ ಓಪೆಲ್ ಕಂಪನಿಯ 1980ರ ದಶಕದ ಕ್ಯಾಡೆಟ್ ಕಾರಿನ ಮೇಲೆ ಕಟ್ಟಿದ್ದ ಗಾಡಿಗೇ ಹೊಸ ಮೈ ಕೊಟ್ಟಿದ್ದರು. ಹೋಂಡಾ ಸಿಟಿ, ಫೋರ್ಡ್ ಎಸ್ಕಾರ್ಟ್, ಓಪೆಲ್ ಆಸ್ಟ್ರಾ ಬಂದ ಮೇಲೆ ಪೈಪೋಟಿ ಬಿಗಿಯಾಯಿತು. ಕಂಪನಿ ಬೆಲೆ ಇಳಿಸಿತು. ಹೊಸದಾಗಿ ಕೊಂಡವರಿಗೆ ಖುಷಿ, ಮೊದಲೇ ಪೂರ್ತಿ ರೇಟ್ ಕೊಟ್ಟವರಿಗೆ ಹೊಟ್ಟೆ ಉರಿ. ಹೊಸ ಗಾಡಿಯ ಬೆಲೆ ಇಳಿದಾಗ ಹಳೇ ಗಾಡಿಯ ಮಾರಾಟ ಬೆಲೆಯೂ ಕೆಳಗೆ ಬೀಳುತ್ತೆ. ಸಿಯೆಲೊ ಮಾಲೀಕರಿಗೆ ಬಿದ್ದ ಮೊದಲ ಏಟು ಅದೇ.

1998: ಮ್ಯಾಟಿಜ್, ಸ್ಯಾಂಟ್ರೋ, ಇಂಡಿಕಾ

1998 ನಮ್ಮ ದೇಶದ ಸಣ್ಣ ಕಾರಿನ ಮಾರುಕಟ್ಟೆಯನ್ನೇ ಬದಲಿಸಿದ ವರ್ಷ. ಸೆಪ್ಟೆಂಬರ್‌ನಲ್ಲಿ ಹ್ಯುಂಡೈ ಸ್ಯಾಂಟ್ರೋ ಬಂತು, ಡಿಸೆಂಬರ್‌ನಲ್ಲಿ ಟಾಟಾ ಇಂಡಿಕಾ. ಅದೇ ಹೊತ್ತಿಗೆ ಡೇವೂ ಮ್ಯಾಟಿಜ್ ಕೂಡ ಬಂತು.

ಮ್ಯಾಟಿಜ್ ರೂಪ ಕೊಟ್ಟಿದ್ದು ಇಟಲಿಯ ಹೆಸರಾಂತ ವಿನ್ಯಾಸಕಾರ ಜ್ಯೋರ್ಜೆಟ್ಟೊ ಜ್ಯುಜಾರೊ ಅವರ ಇಟಾಲ್‌ಡಿಸೈನ್ ಸಂಸ್ಥೆ. ಮೊದಲು ಫಿಯೆಟ್ ಕಂಪನಿಗಾಗಿ ಯೋಚಿಸಿದ್ದ ಮಾದರಿ ಅದು, ಫಿಯೆಟ್ ಒಪ್ಪಲಿಲ್ಲ, ಡೇವೂ ಎತ್ತಿಕೊಂಡಿತು. ದುಂಡನೆ ಕಣ್ಣಿನಂಥ ಹೆಡ್‌ಲೈಟ್, ಮಗುವಿನ ಮುಖದಂಥ ಮುಂಭಾಗ. ಮೂರು ಸಿಲಿಂಡರ್‌ನ 796 ಸಿಸಿ ಎಂಜಿನ್. ಈ ಎಂಜಿನ್‌ನ ಮೂಲ ಸುಜುಕಿಯದ್ದು. ಡೇವೂ ಇದಕ್ಕೂ ಮುಂಚೆ ಸುಜುಕಿ ಆಲ್ಟೊವನ್ನೇ ಪರವಾನಗಿ ಪಡೆದು ಟಿಕೊ ಅನ್ನೋ ಹೆಸರಲ್ಲಿ ತಯಾರಿಸ್ತಿತ್ತು. ಹಾಗಾಗಿ ಮಾರುತಿ 800 ಬಿಚ್ಚಿ ಕೂಡಿಸಿ ಅಭ್ಯಾಸ ಇದ್ದ ಮೆಕ್ಯಾನಿಕ್‌ಗೆ ಮ್ಯಾಟಿಜ್ ಎಂಜಿನ್ ಪೂರಾ ಹೊಸದು ಅನ್ನಿಸ್ತಿರಲಿಲ್ಲ. ಈ ಸಂಗತಿ ಮುಂದೆ ಮಾಲೀಕರ ಕೈ ಹಿಡಿಯಿತು.

ಕುಸಿತ ಹೇಗಾಯ್ತು?

1997ರಲ್ಲಿ ಏಷ್ಯಾದ ದೇಶಗಳಿಗೆ ಆರ್ಥಿಕ ಬಿಕ್ಕಟ್ಟು ಬಡಿಯಿತು. ಕೊರಿಯಾದ ಹಣದ ಬೆಲೆ ಬಿತ್ತು, ಬ್ಯಾಂಕುಗಳು ಸಾಲ ವಾಪಸ್ ಕೇಳತೊಡಗಿದವು. ಬೇರೆ ಕಂಪನಿಗಳು ಖರ್ಚು ಕಡಿಮೆ ಮಾಡ್ತಿದ್ದಾಗ ಡೇವೂ ಉಲ್ಟಾ ಮಾಡಿತು. ಸಾಲದಲ್ಲಿದ್ದ ಸ್ಯಾಂಗ್‌ಯಾಂಗ್ ಕಾರು ಕಂಪನಿಯನ್ನು 1998ರಲ್ಲಿ ಕೊಂಡಿತು.

1999ರಲ್ಲಿ ಇಡೀ ಡೇವೂ ಸಮೂಹ ಕುಸಿಯಿತು. ಆಗಿನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಉದ್ಯಮ ದಿವಾಳಿಗಳಲ್ಲಿ ಅದೂ ಒಂದು. ಸ್ಥಾಪಕ ಕಿಮ್ ದೇಶ ಬಿಟ್ಟು ಹೋದರು. 2005ರಲ್ಲಿ ವಾಪಸ್ ಬಂದಾಗ ಬಂಧನವಾಯಿತು. ಲೆಕ್ಕಪತ್ರ ವಂಚನೆ ಪ್ರಕರಣದಲ್ಲಿ 2006ರಲ್ಲಿ ಶಿಕ್ಷೆಯಾಯಿತು, ಆಮೇಲೆ ಕ್ಷಮಾದಾನ ಸಿಕ್ಕಿತು. 2019ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಡೇವೂ ಮೋಟರ್ 2000ದ ನವೆಂಬರ್‌ನಲ್ಲಿ ದಿವಾಳಿಯಾಯಿತು. 2002ರಲ್ಲಿ ಜನರಲ್ ಮೋಟರ್ಸ್ ಮತ್ತೆ ಬಂದು ಕೊರಿಯಾದ ಮುಖ್ಯ ಆಸ್ತಿಗಳನ್ನು ಕೊಂಡಿತು. ಸೂರಜ್‌ಪುರದ ಕಾರ್ಖಾನೆ ಮಾತ್ರ ಆ ಒಪ್ಪಂದದಲ್ಲಿ ಸೇರಲಿಲ್ಲ. ಸಾಲ ಕೊಟ್ಟಿದ್ದವರ ಕೈಗೆ ಅದು ಹೋಯಿತು. ಭಾರತದ ಡೇವೂ ಮಾಲೀಕರ ಕಷ್ಟ ಶುರುವಾಗಿದ್ದು ಅಲ್ಲಿಂದ.

ಇದಕ್ಕೆ ಹೋಲಿಸಿ ನೋಡಿ. ಉಜ್ಬೇಕಿಸ್ತಾನದ ಕಾರ್ಖಾನೆ ನಿಲ್ಲಲಿಲ್ಲ. ಸಿಯೆಲೊ ಅಲ್ಲಿ ನೆಕ್ಸಿಯಾ ಎಂಬ ಹೆಸರಲ್ಲಿ, ಮ್ಯಾಟಿಜ್ ಅದೇ ಹೆಸರಲ್ಲಿ 2010ರ ದಶಕದವರೆಗೂ ತಯಾರಾಗ್ತಾ ಇದ್ದವು. ಗಾಡಿ ಅದೇ, ಎಂಜಿನ್ ಅದೇ. ಅಲ್ಲಿನ ಮಾಲೀಕನಿಗೆ ಪಾರ್ಟ್ಸ್ ಸುಲಭ, ಇಲ್ಲಿನವನಿಗೆ ಪರದಾಟ.

ಮಾಲೀಕರ ಅನುಭವ: ಮೆಚ್ಚಿದ್ದು

ಮ್ಯಾಟಿಜ್ ಓಡಿಸಿದವರು ಮೊದಲು ಹೇಳೋದು ಪೇಟೆ ಬೀದಿಯ ಮಾತು. ಸಂತೆ ದಿನ ಕಿರಿದಾದ ರಸ್ತೇಲಿ ತಿರುಗಿಸೋದು ಸುಲಭ, ಅಂಗಡಿ ಮುಂದೆ ಒಂದು ಬೈಕ್ ತೆಗೆದರೆ ನಿಲ್ಲಿಸಬಹುದು. ಎತ್ತರದ ಸೀಟು, ದೊಡ್ಡ ಗಾಜು, ಸುತ್ತಲೂ ಚೆನ್ನಾಗಿ ಕಾಣುತ್ತೆ. ಹೊಸದಾಗಿ ಕಾರು ಕಲಿತವರಿಗೆ ಹೆದರಿಕೆ ಇಲ್ಲ. ಸಿಯೆಲೊ ಇಟ್ಟುಕೊಂಡಿದ್ದವರು ಇವತ್ತಿಗೂ ಅದರ ಸೀಟು, ಏಸಿ, ಹೈವೇಲಿ ಕೂತ ಹಾಗೆ ಹೋಗೋ ನಡಿಗೆ ನೆನೆಸ್ತಾರೆ.

ಮಾಲೀಕರ ಅನುಭವ: ತೊಂದರೆ ಆದದ್ದು

ಮೂರು ಸಿಲಿಂಡರ್ ಆದ್ದರಿಂದ ಮ್ಯಾಟಿಜ್ ನಿಂತಲ್ಲಿ ಸ್ವಲ್ಪ ನಡುಗುತ್ತೆ. ಏಸಿ ಹಾಕಿಕೊಂಡು ನಾಲ್ಕು ಜನ ಕೂತು ಘಾಟಿ ಹತ್ತುವಾಗ ಉಸಿರು ಕಟ್ಟುತ್ತೆ. ಡಿಕ್ಕಿ ಸಣ್ಣದು, ಎರಡು ಅಕ್ಕಿ ಮೂಟೆ ಇಟ್ಟರೆ ಮುಗೀತು.

ನಿಜವಾದ ಎಚ್ಚರಿಕೆ ಬೇಕಿದ್ದದ್ದು ಟೈಮಿಂಗ್ ಬೆಲ್ಟ್ ವಿಷಯದಲ್ಲಿ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ, ವಾಲ್ವ್ ಬಾಗುತ್ತೆ, ಹೆಡ್ ಬಿಚ್ಚಲೇಬೇಕು. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್‌ಗೆ ಬೆಲ್ಟ್ ಬದಲಿಸಿದವರು ಬಚಾವಾದರು. "ಓಡ್ತಾ ಇದೆಯಲ್ಲ, ಇರಲಿ ಬಿಡಿ" ಅಂದವರಿಗೆ ದೊಡ್ಡ ಬಿಲ್ ಬಂತು.

ಸ್ಪೇರ್ ಇಲ್ಲದೆ ಗಾಡಿ ಹೇಗೆ ಓಡಿತು?

ಕಂಪನಿ ಮುಚ್ಚಿದ ಮಾತ್ರಕ್ಕೆ ಎಲ್ಲಾ ಪಾರ್ಟ್ಸ್ ಒಂದೇ ದಿನ ಮಾಯ ಆಗಲ್ಲ. ಪಾರ್ಟ್ಸ್‌ನಲ್ಲಿ ಎರಡು ಜಾತಿ ಇವೆ.

ಒಂದು, ಸವೆಯುವ ಪಾರ್ಟ್ಸ್: ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಫಿಲ್ಟರ್, ಬೆಲ್ಟ್, ಬೇರಿಂಗ್, ಸ್ಪಾರ್ಕ್ ಪ್ಲಗ್. ಇವನ್ನು ಕಾರು ಕಂಪನಿಯಲ್ಲದೆ ಬೇರೆ ತಯಾರಕರೂ ಮಾಡ್ತಾರೆ. ರಸ್ತೇಲಿ ಗಾಡಿಗಳು ಇರೋವರೆಗೂ ವ್ಯಾಪಾರ ಇರುತ್ತೆ, ಸಪ್ಲೈಯೂ ಇರುತ್ತೆ.

ಎರಡು, ಆ ಗಾಡಿಗೇ ಮೀಸಲಾದ ಪಾರ್ಟ್ಸ್: ಹೆಡ್‌ಲೈಟ್, ಬಂಪರ್, ಡೋರ್ ಹ್ಯಾಂಡಲ್, ಗಾಜು, ರಬ್ಬರ್ ಬೀಡಿಂಗ್, ಎಂಜಿನ್ ಕಂಟ್ರೋಲ್ ಯೂನಿಟ್. ಮೊದಲು ಕಾಣೆಯಾಗೋದು ಇವೇ. ಸಣ್ಣ ಆಕ್ಸಿಡೆಂಟ್ ಆಗಿ ಒಂದು ಹೆಡ್‌ಲೈಟ್ ಒಡೆದರೂ ಗಾಡಿ ವಾರಗಟ್ಟಲೆ ಗ್ಯಾರೇಜಲ್ಲಿ ಕೂರುತ್ತೆ.

ಇವುಗಳಿಗೆ ಮಾಲೀಕರು ಹಿಡಿದ ದಾರಿ ಗುಜರಿ. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್‌ನಂಥ ಬಿಡಿಭಾಗದ ಪೇಟೆಗಳಲ್ಲಿ ಹುಡುಕಾಟ. ಕೆಲವರು ಓಡದ ಇನ್ನೊಂದು ಗಾಡಿಯನ್ನೇ ಕೊಂಡು ಶೆಡ್‌ನಲ್ಲಿಟ್ಟು, ಬೇಕಾದಾಗ ಒಂದೊಂದೇ ಬಿಚ್ಚಿಕೊಂಡರು. ತಾಲ್ಲೂಕು ಕೇಂದ್ರದ ಗ್ಯಾರೇಜ್‌ಗೆ ಇಂಥ ಕೆಲಸ ಬಂದರೆ ಸಮಯ ಹಿಡಿಯುತ್ತೆ, ಮಾಡಿಕೊಡೋ ಮೆಕ್ಯಾನಿಕ್‌ಗೂ ಗಿಟ್ಟಲ್ಲ. ಹಾಗಾಗಿ ಡೇವೂ ಗಾಡಿ ಉಳಿದದ್ದು ತಾಳ್ಮೆ ಇದ್ದ ಮಾಲೀಕ ಮತ್ತು ಕೈಗುಣ ಇದ್ದ ಮೆಕ್ಯಾನಿಕ್ ಇಬ್ಬರೂ ಸಿಕ್ಕ ಕಡೆ ಮಾತ್ರ.

ಹೆಸರು ಬದಲಿಸಿ ಮತ್ತೆ ಬಂದ ಡೇವೂ

ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಷೆವರ್ಲೆ ಹೆಸರಲ್ಲಿ ನಮ್ಮಲ್ಲಿ ಮಾರಾಟವಾದ ಆಪ್ಟ್ರಾ, ಅವಿಯೊ, ಸ್ಪಾರ್ಕ್, ಬೀಟ್ – ಎಲ್ಲವೂ ಕೊರಿಯಾದ ಡೇವೂ ಮನೆಯಲ್ಲೇ ಹುಟ್ಟಿದವು. 2007ರಲ್ಲಿ ಬಂದ ಸ್ಪಾರ್ಕ್ ಅಂದ್ರೆ ಮ್ಯಾಟಿಜ್‌ನ ಮುಂದಿನ ತಲೆಮಾರು. ಎಂಜಿನ್ ಮಾತ್ರ 995 ಸಿಸಿ, ನಾಲ್ಕು ಸಿಲಿಂಡರ್. 2011ರಲ್ಲಿ ಕೊರಿಯಾದಲ್ಲೂ ಕಾರುಗಳ ಮೇಲಿಂದ ಡೇವೂ ಹೆಸರು ತೆಗೆದು ಷೆವರ್ಲೆ ಅಂತ ಹಾಕಿದರು. ಡೇವೂ ಲಾರಿ ವಿಭಾಗವನ್ನು 2004ರಲ್ಲಿ ನಮ್ಮ ಟಾಟಾ ಮೋಟರ್ಸ್ ಕೊಂಡಿತು.

2017ರ ಕೊನೆಗೆ ಜನರಲ್ ಮೋಟರ್ಸ್ ಭಾರತದಲ್ಲಿ ಕಾರು ಮಾರೋದನ್ನೇ ನಿಲ್ಲಿಸಿತು. ಡೇವೂ ಮಾಲೀಕರ ಪ್ರಶ್ನೆ ಈಗ ಷೆವರ್ಲೆ ಮಾಲೀಕರ ಬಾಗಿಲಿಗೆ ಬಂತು. ಒಂದು ವ್ಯತ್ಯಾಸ ಇತ್ತು: ಡೇವೂ ದಿವಾಳಿಯಾಗಿ ಹೋದದ್ದು, ಜನರಲ್ ಮೋಟರ್ಸ್ ಮೊದಲೇ ಹೇಳಿ, ಸರ್ವಿಸ್ ಮತ್ತು ಸ್ಪೇರ್ ಮುಂದುವರಿಸ್ತೀವಿ ಅಂತ ಭರವಸೆ ಕೊಟ್ಟು ಹೋದದ್ದು. ಆದರೂ ಹಳೇ ಷೆವರ್ಲೆ ಬೆಲೆ ಕುಸಿಯೋದು ತಪ್ಪಲಿಲ್ಲ.

ಹ್ಯುಂಡೈ, ಕಿಯಾ ಯಾಕೆ ನಿಂತವು?

ಅದೇ ಕೊರಿಯಾ, ಅದೇ ಬಿಕ್ಕಟ್ಟು. ಹ್ಯುಂಡೈ 1996ರಲ್ಲಿ ಭಾರತದ ಕಂಪನಿ ಸ್ಥಾಪಿಸಿ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿ ಹೊಸ ಕಾರ್ಖಾನೆ ಕಟ್ಟಿತು. ಬಿಡಿಭಾಗ ಮಾಡೋ ಕಂಪನಿಗಳೂ ಜೊತೆಗೇ ಬಂದು ಸುತ್ತಮುತ್ತ ನೆಲೆಸಿದವು. ಸ್ಯಾಂಟ್ರೋ ಮಾರಾಟವಾದಷ್ಟೂ ಅದರ ಪಾರ್ಟ್ಸ್ ಊರೂರಿನ ಅಂಗಡಿಗೆ ಬಂತು. ಸ್ಯಾಂಟ್ರೋ ನಿಂತು ವರ್ಷಗಳಾದರೂ ಅದರ ಸಾಮಾನು ಸಿಗೋದಕ್ಕೆ ಇದೇ ಕಾರಣ.

ಸಾಲದಲ್ಲಿ ಮುಳುಗಿದ್ದ ಕಿಯಾವನ್ನು ಹ್ಯುಂಡೈ 1998ರಲ್ಲಿ ಕೊಂಡಿತು. ಕಿಯಾದ ಭಾರತದ ಕಾರ್ಖಾನೆ ಇರೋದು ನಮ್ಮ ಪಾವಗಡ, ಗೌರಿಬಿದನೂರು ಗಡಿಯಿಂದ ದೂರವಿಲ್ಲದ ಆಂಧ್ರದ ಪೆನುಕೊಂಡ ಬಳಿ. ಅಲ್ಲಿಂದ ಸೆಲ್ಟೋಸ್ 2019ರಲ್ಲಿ ಬಂತು. ಜನರಲ್ ಮೋಟರ್ಸ್ ಬಿಟ್ಟುಹೋದ ಪುಣೆ ಬಳಿಯ ತಳೇಗಾಂವ್ ಕಾರ್ಖಾನೆಯನ್ನೂ ಕೊನೆಗೆ ಹ್ಯುಂಡೈ ಕಂಪನಿಯೇ ಕೊಂಡಿತು.

ಹಳೇ ಕಾರು ಕೊಳ್ಳುವ ಮುನ್ನ

ಯಾವುದೇ ಕಂಪನಿಯ ಗಾಡಿ ಆಗಿರಲಿ, ಅದರಲ್ಲೂ ಭಾರತ ಬಿಟ್ಟು ಹೋದ ಕಂಪನಿಯದ್ದಾದರೆ, ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ಮಾಡಿ:

1. ನಿಮ್ಮೂರಿನ ಮೆಕ್ಯಾನಿಕ್‌ಗೆ ಗಾಡಿ ತೋರಿಸಿ. "ಇದು ನಿಮ್ಮ ಕೈಲಿ ಆಗುತ್ತಾ?" ಅಂತ ನೇರ ಕೇಳಿ.

2. ಒಂದು ಹೆಡ್‌ಲೈಟ್, ಒಂದು ಕ್ಲಚ್ ಸೆಟ್, ಮುಂದಿನ ಗಾಜು – ಈ ಮೂರರ ರೇಟ್ ಮತ್ತು ಎಷ್ಟು ದಿನಕ್ಕೆ ಬರುತ್ತೆ ಅಂತ ಸ್ಪೇರ್ ಅಂಗಡಿಯಲ್ಲಿ ವಿಚಾರಿಸಿ. ಮೂರಕ್ಕೂ ಉತ್ತರ ಬಾರದಿದ್ದರೆ ಬಿಟ್ಟುಬಿಡಿ.

3. ಟೈಮಿಂಗ್ ಬೆಲ್ಟ್ ಇರೋ ಗಾಡಿಯಾದರೆ ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ ಹಾಕಿ, ಅಷ್ಟು ಹಣ ರೇಟ್‌ನಲ್ಲಿ ಕಳೆಯಿರಿ.

4. ಆರ್‌ಸಿ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಫಿಟ್‌ನೆಸ್ ಪಾಸಾದರೆ 5 ವರ್ಷಕ್ಕೆ ನವೀಕರಣ. ಅದರ ಶುಲ್ಕ, ತೆರಿಗೆ ಎಷ್ಟು ಅಂತ ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳಿ.

5. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿನಾ, ಪೂರ್ತಿನಾ ನೋಡಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಗಾಡಿಗಾದ ಡ್ಯಾಮೇಜ್‌ಗೆ ಒಂದು ರೂಪಾಯಿಯೂ ಬರಲ್ಲ.

6. ದಿನಾ ವ್ಯಾಪಾರಕ್ಕೆ ಗಾಡಿ ಬೇಕಾದವರು ಅಪರೂಪದ ಮಾಡೆಲ್ ತಂಟೆಗೆ ಹೋಗಬೇಡಿ. ಗಾಡಿ ಒಂದು ವಾರ ಗ್ಯಾರೇಜಲ್ಲಿ ನಿಂತರೆ ಆಗೋ ನಷ್ಟ, ಕೊಳ್ಳುವಾಗ ಉಳಿಸಿದ ಹಣಕ್ಕಿಂತ ಜಾಸ್ತಿ ಆಗಬಹುದು.

ಈಗಾಗಲೇ ಮನೇಲಿ ಮ್ಯಾಟಿಜ್, ಸ್ಪಾರ್ಕ್ ಅಥವಾ ಬೀಟ್ ಇದ್ದವರು ಗಾಬರಿ ಬಿದ್ದು ಸಿಕ್ಕ ರೇಟ್‌ಗೆ ಕೊಡೋದೂ ಬೇಡ. ಎಂಜಿನ್ ಚೆನ್ನಾಗಿದ್ದು, ದಾಖಲೆ ಸರಿಯಿದ್ದು, ನಂಬಿಕೆಯ ಮೆಕ್ಯಾನಿಕ್ ಇದ್ದರೆ ಗಾಡಿ ಇನ್ನೂ ಓಡುತ್ತೆ. ಬೆಲ್ಟ್, ಫಿಲ್ಟರ್, ಒಂದು ಜೊತೆ ಹೆಡ್‌ಲೈಟ್ ಸಿಕ್ಕಾಗಲೇ ತಂದು ಮನೇಲಿಟ್ಟುಕೊಳ್ಳಿ. ನಾಳೆ ಬೇಕಾದಾಗ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ.