ಟ್ರಕ್ಕಿನ ಡೀಸೆಲ್ ಎಂಜಿನ್ ಮತ್ತು ಟರ್ಬೋಚಾರ್ಜರಿನ ಅಳತೆ: ಒಂದು ಚಾರಿತ್ರಿಕ ಅವಲೋಕನ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರದ ವರ್ಷವನ್ನೂ ಆವಿಷ್ಕಾರಕನ ಹೆಸರನ್ನೂ ಗುರುತಿಸಿ ಮುಂದೆ ಸಾಗುತ್ತಾರೆ. ಆ ಸಾಧನವು ತನ್ನ ಕೆಲಸಕ್ಕೆ ತಕ್ಕ ಅಳತೆಯನ್ನು ಕಂಡುಕೊಂಡ ಬಗೆ ಚರಿತ್ರೆಯ ಅಂಚಿಗೆ ಸರಿದುಬಿಡುತ್ತದೆ. ಟರ್ಬೋಚಾರ್ಜರಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅದರ ಮೂಲ ಕಲ್ಪನೆಗೆ ಪೇಟೆಂಟ್ ದೊರೆತದ್ದು ೧೯೦೫ರಲ್ಲಿ. ಸರಕು ಸಾಗಿಸುವ ಟ್ರಕ್ಕುಗಳಲ್ಲಿ ಅದು ನೆಲೆಯೂರತೊಡಗಿದ್ದು ೧೯೫೦ರ ದಶಕದಲ್ಲಿ. ಈ ಅರ್ಧ ಶತಮಾನದ ಅಂತರವನ್ನು ಲೋಹವಿದ್ಯೆಯ ಇತಿಮಿತಿಗಳಿಂದ ಮಾತ್ರ ವಿವರಿಸಲಾಗದು. ‘ಎಷ್ಟು ದೊಡ್ಡ ಟರ್ಬೋಚಾರ್ಜರ್?’ ಎಂಬ ಪ್ರಶ್ನೆಯೂ ಅದರ ಹಿಂದೆ ಇತ್ತು ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಡೀಸೆಲ್ ಎಂಜಿನ್ನಿನ ಶಕ್ತಿಗೆ ಮೇಲ್ಮಿತಿ ಹಾಕುವುದು ಇಂಧನವಲ್ಲ, ಗಾಳಿ. ಒಳಸೇರಿದ ಗಾಳಿ ಸುಡಬಲ್ಲುದಕ್ಕಿಂತ ಹೆಚ್ಚು ಇಂಧನವನ್ನು ಚಿಮ್ಮಿಸಿದರೆ ಹೊರಬರುವುದು ಶಕ್ತಿಯಲ್ಲ, ಕಪ್ಪು ಹೊಗೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ಜನಿಸಿದ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ (೧೮೭೯–೧೯೫೯) ಹೊಗೆಕೊಳವೆಯಲ್ಲಿ ವ್ಯರ್ಥವಾಗುತ್ತಿದ್ದ ಬಿಸಿ ಅನಿಲದಿಂದಲೇ ಟರ್ಬೈನನ್ನು ತಿರುಗಿಸಿ, ಅದೇ ದಂಡದ ಮೇಲಿನ ಕಂಪ್ರೆಸರಿನಿಂದ ಎಂಜಿನ್ನಿಗೆ ಹೆಚ್ಚಿನ ಗಾಳಿ ಒದಗಿಸುವ ಮಾರ್ಗವನ್ನು ಸೂಚಿಸಿದನು. ೧೯೨೪ರಲ್ಲಿ ಬ್ರೌನ್ ಬೊವೆರಿ ಸಂಸ್ಥೆಯು ದೊಡ್ಡ ಎಂಜಿನ್ನಿಗೆ ಒಪ್ಪುವ ಟರ್ಬೋಚಾರ್ಜರನ್ನು ನಿರ್ಮಿಸಿತು. ಅನಂತರ ಜರ್ಮನಿಯ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಜಿಗ್’ ಎಂಬ ಪ್ರಯಾಣಿಕ ಹಡಗುಗಳಲ್ಲಿ ಎಂಜಿನ್ನಿನ ಶಕ್ತಿಯು ೧,೭೫೦ರಿಂದ ೨,೫೦೦ ಅಶ್ವಶಕ್ತಿಗೆ ಏರಿತು.

ಹಡಗಿನಲ್ಲಿ ಸಂದ ಈ ಜಯವು ರಸ್ತೆಗೆ ಒಡನೆಯೇ ಇಳಿಯಲಿಲ್ಲ. ಹಡಗಿನ ಎಂಜಿನ್ ಗಂಟೆಗಟ್ಟಲೆ ಹೆಚ್ಚುಕಡಮೆ ಒಂದೇ ವೇಗದಲ್ಲಿ ಓಡುತ್ತದೆ. ಆ ಒಂದು ಬಿಂದುವಿಗೆ ಟರ್ಬೋಚಾರ್ಜರನ್ನು ಹೊಂದಿಸಿದರೆ ಸಾಕು. ಟ್ರಕ್ಕಿನ ಬದುಕು ಬೇರೆ. ಅದು ನಿಲ್ಲುತ್ತದೆ, ಹೊರಡುತ್ತದೆ, ಏರನ್ನು ಹತ್ತುತ್ತದೆ, ಖಾಲಿಯಾಗಿ ಮರಳುತ್ತದೆ. ಸ್ವಿಟ್ಜರ್ಲೆಂಡಿನ ಸೌರರ್ ಸಂಸ್ಥೆ ೧೯೩೮ರಲ್ಲಿ, ಜರ್ಮನಿಯ ಎಂ.ಎ.ಎನ್. ೧೯೫೧ರಲ್ಲಿ, ಸ್ವೀಡನ್ನಿನ ವೋಲ್ವೋ ೧೯೫೪ರಲ್ಲಿ ಟರ್ಬೋಚಾರ್ಜರ್ ಉಳ್ಳ ಟ್ರಕ್ ಎಂಜಿನ್ನುಗಳನ್ನು ಮುಂದಿಟ್ಟವು. ವೋಲ್ವೋದ ‘ಟೈಟನ್’ ಟ್ರಕ್ಕಿನಲ್ಲಿ ೧೫೦ ಅಶ್ವಶಕ್ತಿಯು ೧೮೫ಕ್ಕೆ ಏರಿದುದು ಆ ಕಾಲಕ್ಕೆ ಗಣನೀಯ ಸಾಧನೆ.

ಅಳತೆಯ ತೊಡಕು ಯಾವುದೆಂಬುದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ೬ ಲೀಟರ್ ಗಾತ್ರದ ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ ೨,೪೦೦ ಸುತ್ತು ತಿರುಗುತ್ತಿದೆ ಎನ್ನೋಣ. ಎರಡು ಸುತ್ತಿಗೊಮ್ಮೆ ಸಿಲಿಂಡರುಗಳು ತುಂಬುವುದರಿಂದ ನಿಮಿಷಕ್ಕೆ ೭,೨೦೦ ಲೀಟರ್ ಗಾಳಿ, ಶೇ. ೯೦ರಷ್ಟು ಮಾತ್ರ ತುಂಬುತ್ತದೆಂದರೂ ಸುಮಾರು ೭.೬ ಕಿಲೋಗ್ರಾಂ. ಟರ್ಬೋಚಾರ್ಜರ್ ಗಾಳಿಯ ಒತ್ತಡವನ್ನು ಇಮ್ಮಡಿಗೊಳಿಸಿದರೆ ಗಾಳಿಯ ತೂಕವೂ ಇಮ್ಮಡಿಯಾಗುತ್ತದೆ ಎಂಬುದು ತಪ್ಪು ಗ್ರಹಿಕೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಕಂಪ್ರೆಸರಿನ ದಕ್ಷತೆ ಶೇ. ೭೦ ಇದ್ದರೆ ೨೫ ಡಿಗ್ರಿಯ ಗಾಳಿ ಸುಮಾರು ೧೧೮ ಡಿಗ್ರಿ ಸೆಲ್ಸಿಯಸ್‌ಗೆ ಏರಿ, ತೂಕ ಒಂದೂವರೆ ಪಟ್ಟು ಮಾತ್ರ ಆಗುತ್ತದೆ. ಅದನ್ನು ೫೦ ಡಿಗ್ರಿಗೆ ತಣಿಸಿದರೆ ಸುಮಾರು ೧.೮೫ ಪಟ್ಟು. ಇಂಟರ್‌ಕೂಲರಿನ ಮಹತ್ವ ಇಲ್ಲಿದೆ. ಆದರೆ ೧,೨೦೦ ಸುತ್ತಿನಲ್ಲಿ ಅದೇ ಒತ್ತಡ ಬೇಕೆಂದರೆ ಹರಿವು ಅರ್ಧಕ್ಕೆ ಇಳಿದಿರುತ್ತದೆ. ಒಂದೇ ಕಂಪ್ರೆಸರ್ ಈ ಎರಡೂ ಸ್ಥಿತಿಗಳಲ್ಲಿ ದಕ್ಷವಾಗಿರಬೇಕು.

ಕಂಪ್ರೆಸರ್ ಅತಿ ದೊಡ್ಡದಾದರೆ ಕಡಮೆ ಹರಿವಿನಲ್ಲಿ ಗಾಳಿ ಹಿಮ್ಮುಖವಾಗಿ ನುಗ್ಗಿ ಬಡಿಯುತ್ತದೆ. ತಜ್ಞರು ಇದನ್ನು ಸರ್ಜ್ ಎನ್ನುತ್ತಾರೆ. ಟರ್ಬೈನ್ ಕವಚದ ವಿಷಯವೂ ಹೀಗೆಯೇ. ಕಾಲುವೆಯ ಬಾಯಿ ಕಿರಿದಾದರೆ ನೀರು ರಭಸದಿಂದ ಹರಿಯುವಂತೆ, ಕಿರಿದಾದ ಕವಚದಲ್ಲಿ ಅನಿಲವು ಚಕ್ರವನ್ನು ಬೇಗನೆ ತಿರುಗಿಸುತ್ತದೆ. ಆದರೆ ಎಂಜಿನ್ ವೇಗ ಹೆಚ್ಚಿದಂತೆ ಅದೇ ಕಿರಿದಾದ ಬಾಯಿ ಅನಿಲವನ್ನು ತಡೆಹಿಡಿಯುತ್ತದೆ. ಹೊಗೆಯನ್ನು ಹೊರದೂಡಲು ಪಿಸ್ಟನ್ನುಗಳೇ ಶಕ್ತಿ ವ್ಯಯಿಸಬೇಕಾಗುತ್ತದೆ, ಚಕ್ರವು ಮಿತಿಮೀರಿ ತಿರುಗುವ ಅಪಾಯವೂ ಇದೆ. ಕವಚ ದೊಡ್ಡದಾದರೆ ಏರಿನ ಬುಡದಲ್ಲಿ ಗಾಳಿ ತಡವಾಗಿ ಬರುತ್ತದೆ. ಇಂಧನವು ಮೊದಲೇ ಬಂದಿರುತ್ತದೆ. ಫಲ: ಕಪ್ಪು ಹೊಗೆ ಮತ್ತು ವಾಲ್ವುಗಳನ್ನು ಸುಡುವ ಬಿಸಿ.

ಈ ಹಿನ್ನೆಲೆಯಲ್ಲಿ ೧೯೬೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಮ್ಯಾಕ್ ಸಂಸ್ಥೆ ಹೊರತಂದ ‘ಮ್ಯಾಕ್ಸಿಡೈನ್’ ಎಂಜಿನ್ ವಿಶೇಷವಾಗಿ ಗಮನಾರ್ಹ. ಸುಮಾರು ೧೧ ಲೀಟರ್ ಗಾತ್ರದ ಅದರ ಗರಿಷ್ಠ ಶಕ್ತಿ ೨೩೭ ಅಶ್ವಶಕ್ತಿ. ಹಿರಿಮೆಯಿದ್ದುದು ಆ ಸಂಖ್ಯೆಯಲ್ಲಲ್ಲ. ೨,೧೦೦ ಸುತ್ತಿನಿಂದ ೧,೨೦೦ ಸುತ್ತಿನವರೆಗೆ ಆ ಶಕ್ತಿಯು ಹೆಚ್ಚುಕಡಮೆ ಸಮನಾಗಿ ಉಳಿಯುತ್ತಿತ್ತು ಎಂಬುದರಲ್ಲಿ. ಶಕ್ತಿ ಸಮನಾಗಿ ಉಳಿಯಬೇಕಾದರೆ ವೇಗ ಕುಗ್ಗಿದಷ್ಟೂ ತಿರುಗುಬಲ, ಅಂದರೆ ಟಾರ್ಕ್, ಏರಬೇಕು. ಟರ್ಬೋಚಾರ್ಜರನ್ನೂ ಇಂಧನದ ಪ್ರಮಾಣವನ್ನೂ ಒಂದಕ್ಕೊಂದು ಹೊಂದಿಸಿ ಇದನ್ನು ಸಾಧಿಸಲಾಯಿತು. ಪರಿಣಾಮವಾಗಿ, ಹತ್ತು ಅಥವಾ ಅದಕ್ಕೂ ಹೆಚ್ಚು ಗೇರುಗಳು ವಾಡಿಕೆಯಲ್ಲಿದ್ದ ಕಡೆ ಐದು ಗೇರುಗಳು ಸಾಕಾದವು. ಅಳತೆಯ ಆಯ್ಕೆಯೊಂದು ಚಾಲಕನ ಕೈಕಾಲುಗಳ ಶ್ರಮವನ್ನು ಇಳಿಸಿತು. ೧೯೬೯ರಲ್ಲಿ ಸ್ಕಾನಿಯಾ ಸಂಸ್ಥೆ ಹೊರತಂದ ೧೪ ಲೀಟರಿನ, ೩೫೦ ಅಶ್ವಶಕ್ತಿಯ ವಿ-೮ ಎಂಜಿನ್ ಕೂಡ ಕಡಮೆ ವೇಗದಲ್ಲಿ ಹೆಚ್ಚು ಟಾರ್ಕ್ ಎಂಬ ದಾರಿಯನ್ನೇ ಹಿಡಿಯಿತು.

ಮುಂದಿನ ಸುಧಾರಣೆಗಳನ್ನು ಇದೇ ಪ್ರಶ್ನೆಗೆ ದೊರೆತ ಉತ್ತರಗಳೆಂದು ಓದಬಹುದು. ಆರು ಸಿಲಿಂಡರುಗಳ ಹೊಗೆಯನ್ನು ಮೂರು ಮೂರರಂತೆ ಎರಡು ದಾರಿಗಳಲ್ಲಿ ಟರ್ಬೈನಿಗೆ ತರುವ ಕ್ರಮದ ಬೇರು ಬ್ಯೂಖಿಯ ೧೯೨೫ರ ಪೇಟೆಂಟಿನಲ್ಲಿದೆ. ವೇಸ್ಟ್‌ಗೇಟ್ ಎಂಬ ಕವಾಟವು, ಚಿಕ್ಕ ಟರ್ಬೈನನ್ನು ಆಯ್ದು ಹೆಚ್ಚಾದ ಅನಿಲವನ್ನು ಪಕ್ಕಕ್ಕೆ ಹರಿಯಬಿಡುವ ಉಪಾಯ. ೧೯೯೮ರಲ್ಲಿ ಇವೆಕೋದ ‘ಕರ್ಸರ್’ ಎಂಜಿನ್ನಿನಲ್ಲಿ ಕಾಣಿಸಿಕೊಂಡ ಹೋಲ್ಸೆಟ್ ಸಂಸ್ಥೆಯ ಟರ್ಬೋಚಾರ್ಜರ್ ಚಲಿಸುತ್ತಲೇ ತನ್ನ ಬಾಯಿಯ ಅಳತೆಯನ್ನು ಬದಲಿಸಿಕೊಳ್ಳಬಲ್ಲುದಾಗಿತ್ತು.

ಅದೇ ೧೯೯೮ರಲ್ಲಿ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ವೋಲ್ವೋ ಟ್ರಕ್ಕುಗಳ ತಯಾರಿಕೆ ಆರಂಭವಾಯಿತು. ನಮ್ಮ ನಾಡಿನ ಭೂಗುಣವು ಅಳತೆಯ ಪ್ರಶ್ನೆಗೆ ಇನ್ನೊಂದು ಆಯಾಮವನ್ನು ಸೇರಿಸುತ್ತದೆ. ಮಂಗಳೂರಿನ ಕಡಲ ಮಟ್ಟದಿಂದ ಶಿರಾಡಿ ಘಾಟಿಯ ಮೂಲಕ ಸಕಲೇಶಪುರಕ್ಕೆ ಏರುವ ಟ್ರಕ್ಕಿಗೆ ಗಾಳಿಯ ಒತ್ತಡವು ಸುಮಾರು ಹತ್ತನೆಯ ಒಂದು ಭಾಗ ಕುಗ್ಗುತ್ತದೆ. ತೆಳುವಾದ ಗಾಳಿಯಲ್ಲಿ ಅದೇ ಭಾರವನ್ನೆಳೆಯಲು ಟರ್ಬೋಚಾರ್ಜರ್ ಹೆಚ್ಚು ವೇಗವಾಗಿ ತಿರುಗಬೇಕು. ಕರಾವಳಿಯಲ್ಲಿ ಅಂಚಿನವರೆಗೆ ದುಡಿಸಿದ ಸಾಧನಕ್ಕೆ ಘಟ್ಟದ ಮೇಲೆ ಬಿಡುವು ಉಳಿದಿರುವುದಿಲ್ಲ.

ಒಟ್ಟಿನಲ್ಲಿ, ಟರ್ಬೋಚಾರ್ಜರಿನ ಚರಿತ್ರೆಯನ್ನು ಏರುತ್ತ ಹೋದ ಅಶ್ವಶಕ್ತಿಯ ಪಟ್ಟಿಯಾಗಿ ಓದುವುದು ಅಪೂರ್ಣ. ಬ್ಯೂಖಿಯ ಕಲ್ಪನೆ ಹಡಗಿನಿಂದ ಟ್ರಕ್ಕಿಗೆ ಬಂದದ್ದು, ಗರಿಷ್ಠ ಶಕ್ತಿಯ ಒಂದು ಬಿಂದುವನ್ನು ಬಿಟ್ಟು ದುಡಿಮೆಯ ಇಡೀ ಹರಹನ್ನು ಎಂಜಿನಿಯರುಗಳು ಲೆಕ್ಕಕ್ಕೆ ತೆಗೆದುಕೊಂಡಾಗ. ಭಾರ ಹೊತ್ತು ಏರು ಹತ್ತುವ ಚಾಲಕನ ಶ್ರಮವೂ, ಅವನ ಹಿಂದೆ ಬರುವವರು ಉಸಿರಾಡುವ ಗಾಳಿಯೂ ಆ ಲೆಕ್ಕಕ್ಕೆ ಸೇರಿದ ಬಾಬತ್ತುಗಳೇ ಆಗಿವೆ.