ಒಂಟೆಯವನ ಹೆಸರಿನ ಬಡಾವಣೆ

ಆಸ್ಟ್ರೇಲಿಯಾ ಖಂಡದ ನಟ್ಟನಡುವೆ, ಕೆಂಪು ಮಣ್ಣಿನ ಒಣ ಸೀಮೆಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿದೆ. ದಕ್ಷಿಣದ ಅಡಿಲೇಡ್ ಆಗಲಿ, ಉತ್ತರದ ಡಾರ್ವಿನ್ ಆಗಲಿ, ಅಲ್ಲಿಂದ ಸುಮಾರು 1,500 ಕಿ.ಮೀ. ದೂರ. ಊರ ನಡುವಿನ ಟಾಡ್ ನದಿ ವರ್ಷದ ಬಹುಪಾಲು ಬರಿಯ ಮರಳು. ಆ ಮರಳನ್ನು ದಾಟಿ ಪೂರ್ವಕ್ಕೆ ಹೋದರೆ ಸಿಗುವ ಬಡಾವಣೆಗಳಲ್ಲೊಂದರ ಹೆಸರು ಸದಾದೀನ್. ಮನೆ, ಶಾಲೆ, ಬೀದಿಗಳೆಲ್ಲ ಬೇರೆ ಬಡಾವಣೆಗಳಂತೆಯೇ. ಹೆಸರೊಂದೇ ಬೇರೆ.

ಈ ಹೆಸರು ಚಾರ್ಲಿ ಸದಾದೀನ್ ಎಂಬ ಒಂಟೆ ಸಾಗಣೆಗಾರನದು. ‘ಚಾರ್ಲಿ’ ಹೆತ್ತವರು ಇಟ್ಟ ಹೆಸರಾಗಿರಲಾರದು. ನಾಲಿಗೆ ಹೊರಳದ ಬಿಳಿಯರು ಅಂಟಿಸಿದ್ದಿರಬೇಕು.

ಕುದುರೆ, ಎತ್ತುಗಳು ನೀರಿಲ್ಲದೆ ಸಾಯುತ್ತಿದ್ದ ಆ ನಾಡಿಗೆ ಒಂಟೆಗಳು ಬಂದದ್ದು ನಮ್ಮ ಕಡೆಯಿಂದಲೇ. 1860ರ ಬರ್ಕ್ ಮತ್ತು ವಿಲ್ಸ್ ಅನ್ವೇಷಣಾ ಯಾತ್ರೆಗೆಂದು ಬ್ರಿಟಿಷ್ ಇಂಡಿಯಾದಿಂದ ಒಂಟೆಗಳನ್ನು ತರಿಸಲಾಯಿತು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ಉದ್ಯಮಿ ಕರಾಚಿ ಬಂದರಿನಿಂದ ನೂರಕ್ಕೂ ಹೆಚ್ಚು ಒಂಟೆಗಳನ್ನೂ 31 ಮಂದಿ ಆಳುಗಳನ್ನೂ ಹಡಗಿನಲ್ಲಿ ಕರೆಸಿದ. ಮುಂದೆ ಬಂದವರು ಬಲೂಚಿಸ್ತಾನ, ಪೇಶಾವರ, ಪಂಜಾಬ್, ಸಿಂಧ್ ಕಡೆಯವರು, ಅಫಘಾನಿಸ್ತಾನದವರೂ ಇದ್ದರು. ಬಿಳಿಯರ ಬಾಯಲ್ಲಿ ಎಲ್ಲರೂ ‘ಅಫಘಾನ್’, ಆಮೇಲೆ ಬರೀ ‘ಘಾನ್’!

1872ರಲ್ಲಿ ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ಸುಮಾರು 3,200 ಕಿ.ಮೀ. ಉದ್ದದ ತಂತಿ ಮಾರ್ಗ ಮುಗಿಯಿತು. ಅದರ ಒಂದು ಠಾಣೆಯ ಪಕ್ಕದ ನೀರಿನ ಗುಂಡಿಗೆ ಅಧಿಕಾರಿ ಚಾರ್ಲ್ಸ್ ಟಾಡ್‌ನ ಹೆಂಡತಿ ಆಲಿಸಳ ಹೆಸರು ಬಿತ್ತು. ಹತ್ತಿರವೇ ಹುಟ್ಟಿದ ಊರನ್ನು 1933ರವರೆಗೆ ಸ್ಟುವರ್ಟ್ ಎನ್ನುತ್ತಿದ್ದರು. ರೈಲು 1891ರಲ್ಲಿ ಊಡ್ನಡಾಟ್ಟಾಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮುಂದೆ, ಹಿಟ್ಟು, ಸಕ್ಕರೆ, ಚಹಾ, ತಗಡು, ಟಪಾಲು ಎಲ್ಲವೂ ಒಂಟೆಯ ಬೆನ್ನ ಮೇಲೆ. ಊರು ಉಸಿರಾಡಿದ್ದು ಹೀಗೆ, ಮೂವತ್ತೆಂಟು ವರ್ಷ.

ಆದರೆ ಹೊರೆ ತಂದವರಿಗೆ ಊರೊಳಗೆ ಜಾಗ ಸುಲಭವಾಗಿ ಸಿಗಲಿಲ್ಲ. ದಕ್ಷಿಣದ ಮಾರೀ ಎಂಬಲ್ಲಿ ರೈಲು ಹಳಿಯೇ ಗಡಿ: ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಘಾನ್‌ಗಳು ಮತ್ತು ಮೂಲನಿವಾಸಿಗಳು. ನಮ್ಮ ಹಳ್ಳಿಯ ಹೊರಕೇರಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1901ರ ವಲಸೆ ನಿರ್ಬಂಧ ಕಾನೂನು ಹೊಸಬರಿಗೆ ಬಾಗಿಲು ಮುಚ್ಚಿತು. 1903ರ ಕಾನೂನು ಏಷ್ಯಾದಲ್ಲಿ ಹುಟ್ಟಿದವರು ಪೌರತ್ವಕ್ಕೆ ಅರ್ಜಿ ಹಾಕುವ ಹಕ್ಕನ್ನೇ ಕಿತ್ತುಕೊಂಡಿತು.

ಮೋಟಾರು ಲಾರಿಗಳು ಬಂದ ಮೇಲೆ ಒಂಟೆಯೂ ಬೇಡವಾಯಿತು. ಅಲೆಯುವ ಒಂಟೆಗಳನ್ನು ಗುಂಡಿಕ್ಕಲು ಅವಕಾಶ ಕೊಡುವ ಕಾಯಿದೆಯನ್ನು ದಕ್ಷಿಣ ಆಸ್ಟ್ರೇಲಿಯಾ 1925ರಲ್ಲಿ ಮಾಡಿತು. ಸಾಕಿದ ಪ್ರಾಣಿಯನ್ನು ಕೊಲ್ಲಲು ಮನಸ್ಸು ಬಾರದ ಎಷ್ಟೋ ಮಂದಿ ಅವನ್ನು ಮರುಭೂಮಿಗೆ ಬಿಟ್ಟರು. ಅವುಗಳ ಸಂತತಿ ಬೆಳೆದು, 2009ರಿಂದ 2013ರ ನಡುವೆ ಸುಮಾರು 1,60,000 ಕಾಡೊಂಟೆಗಳನ್ನು ಸರ್ಕಾರಿ ಯೋಜನೆಯಡಿ ಕಡಿಮೆ ಮಾಡಬೇಕಾಯಿತು.

ರೈಲು 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಮುಟ್ಟಿತು. ಒಂಟೆಯವರ ಅನ್ನ ಕಸಿದ ಆ ರೈಲಿಗೇ ‘ದಿ ಘಾನ್’ ಎಂಬ ಹೆಸರು! 2004ರಿಂದ ಅದು ಡಾರ್ವಿನ್‌ವರೆಗೂ ಓಡುತ್ತಿದೆ. ಲಾಂಛನ, ಒಂಟೆ ಮತ್ತು ಸವಾರ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಊರು ನದಿಯಾಚೆ ಹಬ್ಬಿದಾಗ ಸದಾದೀನನ ಹೆಸರೂ ಮನೆವಿಳಾಸಗಳಿಗೆ ಸೇರಿತು.

ಇವೆಲ್ಲ ಹೆಸರುಗಳಿಗೂ ಮೊದಲು ಆ ನೆಲಕ್ಕೆ ಬೇರೊಂದು ಹೆಸರಿತ್ತು: ಮ್ಪಾರ್ನ್‌ಟ್ವೆ. ಅರೆರ್ನ್ಟೆ ಜನರ ನಂಬಿಕೆಯಲ್ಲಿ ಅಲ್ಲಿನ ಗುಡ್ಡಸಾಲುಗಳು ಕಂಬಳಿಹುಳು ರೂಪದ ಪೂರ್ವಜರ ಮೈ. 1980ರ ದಶಕದ ಆರಂಭದಲ್ಲಿ ನದಿಯ ಪೂರ್ವಕ್ಕೆ ಬ್ಯಾರೆಟ್ ಡ್ರೈವ್ ರಸ್ತೆ ಮಾಡುವಾಗ ಅಂಥ ಒಂದು ಹುಳುವಿನ ಬಾಲವನ್ನೇ ಕಡಿಯಲಾಯಿತು. ‘ಮಾತು ಮುರಿದ ರಸ್ತೆ’ ಎಂಬ ಅಡ್ಡಹೆಸರು ಅದಕ್ಕೆ ಇಂದಿಗೂ ಉಳಿದಿದೆ. ಊರಿನ ಕೆಲವು ಭಾಗಗಳ ಮೇಲೆ ಅರೆರ್ನ್ಟೆಯರ ಪಾರಂಪರಿಕ ಹಕ್ಕನ್ನು ಫೆಡರಲ್ ನ್ಯಾಯಾಲಯ ಒಪ್ಪಿದ್ದು 2000ದಲ್ಲಿ.