ಅಜ್ಟೆಕಾ

ನಾಮಪದ. ಮೆಕ್ಸಿಕೋದ ಒಂದು ಕುದುರೆ ತಳಿ. ಹೆಸರಿನ ಬೇರು ನಾವಾಟ್ಲ್ ನುಡಿಯಲ್ಲಿದೆ: ‘ಅಜ್ಟ್ಲಾನ್’ ಎಂಬ ಮೂಲನೆಲದಿಂದ ಬಂದವರು ಅಜ್ಟೆಕರು. ಅವರು ಕುದುರೆಯನ್ನು ಮೊದಲು ಕಂಡದ್ದು 1519ರಲ್ಲಿ, ಸ್ಪೇನಿನ ಕೊರ್ತೆಸ್‌ನ ದಂಡು ಬಂದಿಳಿದಾಗ. ತಳಿ ರೂಪುಗೊಳ್ಳತೊಡಗಿದ್ದು ಬಹಳ ಈಚೆಗೆ, 1972ರಲ್ಲಿ. ಸ್ಪೇನಿನ ಆಂಡಲೂಸಿಯನ್ ಕುದುರೆಯ ಗಾಂಭೀರ್ಯ, ಅಮೆರಿಕದ ಕ್ವಾರ್ಟರ್ ಕುದುರೆಯ ವೇಗ ಹಾಗೂ ದನ ಅಟ್ಟುವ ಜಾಣ್ಮೆ, ಮೆಕ್ಸಿಕೋದ ನಾಟಿ ಕ್ರಿಯೊಯೊದ ತಾಳಿಕೆ ಇದರಲ್ಲಿ ಹದವಾಗಿ ಬೆರೆತಿವೆ. ಬಿಲ್ಲಿನಂತೆ ಬಾಗಿದ ಕತ್ತು, ದಟ್ಟ ಕೂದಲು, ಮೈತುಂಬಿದ ಹಿಂಭಾಗ, ಸೌಮ್ಯ ಸ್ವಭಾವ ಇದರ ಲಕ್ಷಣ. ‘ಚಾರೊ’ ಎನಿಸಿಕೊಳ್ಳುವ ಅಲ್ಲಿನ ಸವಾರರಿಗಾಗಿ, ಅವರ ‘ಚಾರೆಯಾದಾ’ ಎಂಬ ಸವಾರಿ–ಹಗ್ಗದ ಪಂದ್ಯಕ್ಕಾಗಿ ಬೆಳೆಸಿದ ಕುದುರೆಯಿದು.

ಬಳಕೆ: ಅಜ್ಟೆಕಾ ಏರಿದ ಚಾರೊ ಓಡುವ ಹೋರಿಯ ಕೊಂಬಿಗೆ ಕುಣಿಕೆ ಎಸೆದ.